ಬೆಲೆ ಕೊಟ್ಟ ಪುಟಗಳು, ಬಿಟ್ಟಿ ಬಂದ ಬಲ: 'ಎಲ್ಡೆಸ್ಟ್' ಬಗ್ಗೆ ಓದುಗರು ಯಾಕೆ ಒಪ್ಪುವುದಿಲ್ಲ?

ಸರಣಿಯ ಎರಡನೇ ಪುಸ್ತಕದ ಬಗ್ಗೆ ಓದುಗರು ಜಗಳವಾಡುವುದು ಹೊಸದೇನಲ್ಲ. ಆದರೆ ಕ್ರಿಸ್ಟೋಫರ್ ಪಾವೊಲಿನಿ ಬರೆದ ಇನ್‌ಹೆರಿಟೆನ್ಸ್ ಎಂಬ ಫ್ಯಾಂಟಸಿ ಸರಣಿಯ 'ಎಲ್ಡೆಸ್ಟ್' ಬಗ್ಗೆ ಇವತ್ತಿಗೂ ನಡೆಯುವ ಜಗಳದಲ್ಲಿ ಒಂದು ವಿಚಿತ್ರ ಇದೆ. ಪುಸ್ತಕ ಬೇಜಾರು ಎನ್ನುವವರೂ, ಸರಣಿಯಲ್ಲಿ ಇದೇ ಚೆನ್ನಾಗಿದೆ ಎನ್ನುವವರೂ ಸಾಕ್ಷಿಗೆ ತೋರಿಸುವುದು ಹೆಚ್ಚುಕಡಿಮೆ ಅವೇ ಅಧ್ಯಾಯಗಳನ್ನು. ಕಾಡಿನಲ್ಲಿ ನಾಯಕ ಪಾಠ ಕಲಿಯುವ ಭಾಗ ಒಬ್ಬರಿಗೆ ನಿದ್ದೆ ತರಿಸುತ್ತದೆ. ಇನ್ನೊಬ್ಬರು ಆ ಭಾಗಕ್ಕೋಸ್ಕರವೇ ಪುಸ್ತಕವನ್ನು ಮತ್ತೆ ತೆರೆಯುತ್ತಾರೆ.

ಇದನ್ನು ರುಚಿಯ ವ್ಯತ್ಯಾಸ ಎಂದು ತಳ್ಳಿಹಾಕುವುದು ಸುಲಭ. ನನಗೆ ಅದು ಸಾಕಾಗುವುದಿಲ್ಲ. ಓದುಗರ ದೂರುಗಳನ್ನೂ ಮೆಚ್ಚುಗೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವುಗಳ ಕೆಳಗೆ ಒಂದೇ ಅಳತೆಗೋಲು ಕಾಣುತ್ತದೆ. ಆ ಅಳತೆಗೋಲನ್ನು ಓದುಗರ ಕೈಗೆ ಕೊಟ್ಟದ್ದೂ ಲೇಖಕನೇ. ಈ ಬರಹದಲ್ಲಿ ಹೇಳಬೇಕೆಂದಿರುವುದು ಅದನ್ನೇ. ಕತೆಯ ತಿರುವುಗಳನ್ನೆಲ್ಲ ಬಿಚ್ಚಿ ಮಾತಾಡದೆ ಗತ್ಯಂತರವಿಲ್ಲ, ಹಾಗಾಗಿ ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ ಪುಸ್ತಕ ಹಿಡಿಯುವುದು ಒಳ್ಳೆಯದು.

ಹಿನ್ನೆಲೆ

ಪಾವೊಲಿನಿ ಅಮೆರಿಕದ ಮೊಂಟಾನಾದಲ್ಲಿ ಬೆಳೆದವರು. ಶಾಲೆಗೆ ಹೋಗದೆ ಮನೆಯಲ್ಲೇ ಓದಿದ ಹುಡುಗ. ಹದಿನೈದನೇ ವಯಸ್ಸಿಗೆ 'ಎರಗಾನ್' ಬರೆಯಲು ಕೂತರು. 2002ರಲ್ಲಿ ಮನೆಯವರೇ ಸೇರಿ ಅದನ್ನು ಅಚ್ಚು ಹಾಕಿಸಿದರು. 2003ರಲ್ಲಿ ದೊಡ್ಡ ಪ್ರಕಾಶನ ಸಂಸ್ಥೆಯಾದ ನಾಫ್ ಅದನ್ನು ಮತ್ತೆ ತಂದಿತು, ಪುಸ್ತಕ ಎಲ್ಲೆಡೆ ಹಬ್ಬಿತು. ಎರಡನೆಯದು, ಅಂದರೆ 'ಎಲ್ಡೆಸ್ಟ್', 2005ರ ಆಗಸ್ಟ್ 23ರಂದು ಬಂತು. ಆಗ ಲೇಖಕನಿಗೆ ಇಪ್ಪತ್ತೊಂದು ವಯಸ್ಸು.

ಅದೇ ವರ್ಷದ ಜುಲೈ 16ರಂದು ಹ್ಯಾರಿ ಪಾಟರ್ ಸರಣಿಯ ಆರನೇ ಪುಸ್ತಕ ಬಂದಿತ್ತು. ಒಂದೇ ವಯಸ್ಸಿನ ಓದುಗರು ಎರಡನ್ನೂ ಕೆಲವೇ ವಾರಗಳ ಅಂತರದಲ್ಲಿ ಓದಿದರು. ಹೋಲಿಕೆ ತಪ್ಪಿಸುವಂತೆಯೇ ಇರಲಿಲ್ಲ.

ಮೊದಲ ಪುಸ್ತಕದ ಕತೆ ಸರಳ. ಹಳ್ಳಿ ಹುಡುಗ ಎರಗಾನ್‌ಗೆ ಕಾಡಿನಲ್ಲಿ ನೀಲಿ ಕಲ್ಲೊಂದು ಸಿಗುತ್ತದೆ. ಅದು ಡ್ರ್ಯಾಗನ್ ಮೊಟ್ಟೆ. ಅದರಿಂದ ಸಫೀರಾ ಹುಟ್ಟುತ್ತಾಳೆ. ರಾಜ ಗಾಲ್ಬಟೋರಿಕ್ಸ್‌ನ ಆಳುಗಳು ಹುಡುಗನ ಮಾವನನ್ನು ಕೊಲ್ಲುತ್ತಾರೆ. ಬ್ರೋಮ್ ಎಂಬ ಮುದುಕ ಅವನಿಗೆ ಕತ್ತಿ, ಮಂತ್ರ ಎರಡನ್ನೂ ಕಲಿಸಿ ದಾರಿಯಲ್ಲೇ ಸಾಯುತ್ತಾನೆ. ಕೊನೆಯಲ್ಲಿ ಎರಗಾನ್ ಡುರ್ಝಾ ಎಂಬ ಭಯಂಕರ ಮಂತ್ರವಾದಿಯನ್ನು ಕೊಲ್ಲುತ್ತಾನೆ. ಆದರೆ ಸಾಯುವ ಮೊದಲು ಡುರ್ಝಾ ಅವನ ಬೆನ್ನನ್ನು ಕತ್ತಿಯಿಂದ ಸೀಳಿಬಿಟ್ಟಿರುತ್ತಾನೆ.

ಈ ಬೆನ್ನಿನ ಗಾಯವನ್ನು ನೆನಪಿನಲ್ಲಿಡಿ. ಜಗಳದ ಅರ್ಧ ಭಾಗ ಅಲ್ಲೇ ಇದೆ.

ಇನ್ನೊಂದು ವಿಷಯವನ್ನೂ ನೆನಪಿಡಬೇಕು. ಈ ಲೋಕದಲ್ಲಿ ಮಂತ್ರ ಬಿಟ್ಟಿ ಅಲ್ಲ. ಒಂದು ಕಲ್ಲನ್ನು ಕೈಯಲ್ಲಿ ಎತ್ತಲು ಎಷ್ಟು ಶಕ್ತಿ ಬೇಕೋ, ಮಂತ್ರದಿಂದ ಎತ್ತಲೂ ಅಷ್ಟೇ ಬೇಕು. ಆ ಶಕ್ತಿ ಮಂತ್ರ ಹೇಳುವವನ ಮೈಯಿಂದಲೇ ಹೋಗುತ್ತದೆ. ಅಳತೆ ಮೀರಿದರೆ ಸಾವು. ಮಂತ್ರ ಹೇಳುವ ಪುರಾತನ ಭಾಷೆಯಲ್ಲಿ ಸುಳ್ಳು ಹೇಳಲು ಬರುವುದಿಲ್ಲ, ಅದರಲ್ಲಿ ಕೊಟ್ಟ ಮಾತು ಮುರಿಯಲೂ ಆಗುವುದಿಲ್ಲ. ಮೊದಲ ಪುಸ್ತಕದಲ್ಲಿ ಎಷ್ಟೋ ಸಂಗತಿಗಳು ಬೇರೆ ಕತೆಗಳಿಂದ ಬಂದಂತೆ ಕಾಣುತ್ತವೆ ಎಂದು ದೂರುವವರು ಕೂಡ ಈ ನಿಯಮಗಳನ್ನು ಮೆಚ್ಚುತ್ತಾರೆ. ಎಲ್ಲಕ್ಕೂ ಒಂದು ಬೆಲೆ ಇದೆ ಎಂಬ ಲೆಕ್ಕ ಎಳೆಯ ಓದುಗನ ಮನಸ್ಸಿಗೆ ಬೇಗ ಹತ್ತುತ್ತದೆ.

ಕಾಡಿನ ಪಾಠಗಳು

'ಎಲ್ಡೆಸ್ಟ್'ನಲ್ಲಿ ಎರಗಾನ್ ಎಲ್ಫ್‌ಗಳ ಕಾಡಿನೊಳಗಿರುವ ಎಲ್ಲೆಸ್ಮೇರಾ ನಗರಕ್ಕೆ ಹೋಗುತ್ತಾನೆ. ಎಲ್ಫ್ ಅಂದರೆ ನೂರಾರು ವರ್ಷ ಬದುಕುವ, ಮಂತ್ರ ಬಲ್ಲ, ಮನುಷ್ಯರಂತೆಯೇ ಕಾಣುವ ಜನ. ಅಲ್ಲಿ ಓರೊಮಿಸ್ ಎಂಬ ಹಳೆಯ ಡ್ರ್ಯಾಗನ್ ಸವಾರ ಗುಟ್ಟಾಗಿ ಬದುಕಿದ್ದಾನೆ. ಅವನ ಡ್ರ್ಯಾಗನ್ ಬಂಗಾರದ ಬಣ್ಣದ ಗ್ಲೇಡರ್. ಗ್ಲೇಡರ್‌ಗೆ ಒಂದು ಮುಂಗಾಲಿಲ್ಲ. ಓರೊಮಿಸ್‌ಗೆ ದೊಡ್ಡ ಮಂತ್ರಗಳನ್ನು ಹೇಳುವ ಶಕ್ತಿ ಉಳಿದಿಲ್ಲ, ಮೇಲಿಂದ ಮೇಲೆ ಕಾಯಿಲೆ ಹಿಂಡುತ್ತದೆ. ಇಂಥ ಇಬ್ಬರು ಗುರುಗಳ ಹತ್ತಿರ ಹುಡುಗ ಮತ್ತು ಅವನ ಡ್ರ್ಯಾಗನ್ ಕಲಿಯಬೇಕು.

ಏನು ಕಲಿಯುತ್ತಾರೆ? ಬಯಲಿನಲ್ಲಿ ಒಂದು ಮೋಟು ಬುಡದ ಮೇಲೆ ಕೂತು ಸುತ್ತಲಿನ ಜೀವಿಗಳ ಮನಸ್ಸನ್ನು ಆಲಿಸುವುದು. ಎರಗಾನ್ ಮೊದಲು ಇರುವೆಗಳ ಹಿಂದೆ ಬಿದ್ದು ಅಲ್ಲೇ ಮುಳುಗಿಬಿಡುತ್ತಾನೆ. ಗುರು ಹೇಳುತ್ತಾನೆ, ಇರುವೆ ಮಾತ್ರ ಸಾಲದು, ಎಲ್ಲವೂ ಕೇಳಬೇಕು. ಆಮೇಲೆ ಅಕ್ಷರ, ವ್ಯಾಕರಣ, ತರ್ಕ, ಮೈ ಬಗ್ಗಿಸುವ ಕಸರತ್ತು. ರಾಜನ ವಿರುದ್ಧ ಹೋರಾಡುವುದು ಯಾಕೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಎಲ್ಫ್‌ಗಳು ಮಾಂಸ ತಿನ್ನುವುದಿಲ್ಲ, ದೇವರನ್ನು ನಂಬುವುದಿಲ್ಲ. ಯಾಕೆ ಎಂಬುದನ್ನು ಓರೊಮಿಸ್ ಬಿಡಿಸಿ ಹೇಳುತ್ತಾನೆ.

ಓದುಗರು ಅತಿ ಹೆಚ್ಚು ಕಿತ್ತಾಡುವುದು ಇದರ ಬಗ್ಗೆ. "ಮುಗಿಯುವುದೇ ಇಲ್ಲ" ಎನ್ನುವುದು ಒಂದು ಕಡೆಯವರ ಮಾತು. ಹೊರಗೆ ಯುದ್ಧ ಹತ್ತಿರವಾಗುತ್ತಿದೆ, ಒಳಗೆ ನಾಯಕ ಇರುವೆ ನೋಡುತ್ತಾ ಕೂತಿದ್ದಾನೆ ಎಂಬ ಕೋಪ. ಮಾಂಸ ಬಿಡುವ ಮಾತು, ದೇವರಿಲ್ಲ ಎಂಬ ಮಾತು ಕತೆಯೊಳಗಿಂದ ಹುಟ್ಟಿಲ್ಲ, ಲೇಖಕ ತನ್ನ ಅಭಿಪ್ರಾಯವನ್ನು ಹೇರುತ್ತಿದ್ದಾನೆ ಎಂಬ ಗುಮಾನಿಯೂ ಇದೆ. ಎಲ್ಫ್‌ಗಳು ಎಲ್ಲದರಲ್ಲೂ ಮೇಲು ಎಂಬ ಧಾಟಿ ಇನ್ನೂ ಕೆಲವರಿಗೆ ಕಿರಿಕಿರಿ. ಅವರ ಹಾಡು ಚೆಂದ, ಕತ್ತಿ ಚೆಂದ, ಮನೆಯನ್ನು ಮರದಿಂದ ಹಾಡಿ ಬೆಳೆಸುತ್ತಾರೆ, ತಪ್ಪೇ ಮಾಡುವುದಿಲ್ಲ. ಇಂಥವರ ನಡುವೆ ನೂರಾರು ಪುಟ ಕಳೆಯುವುದು ಸುಲಭವಲ್ಲ.

ಇನ್ನೊಂದು ಕಡೆಯವರಿಗೆ ಇದೇ ಪುಸ್ತಕದ ಜೀವ. ಮಂತ್ರ ಕಲಿಯುವುದನ್ನು ಇಷ್ಟು ಗಂಭೀರವಾಗಿ, ಓದಿನ ಹಾಗೆ, ದುಡಿಮೆಯ ಹಾಗೆ ತೋರಿಸಿದ್ದು ಅವರಿಗೆ ಹಿಡಿಸಿತು. ಮಾಂಸದ ವಿಚಾರವನ್ನೂ ಅವರು ಬೇರೆ ರೀತಿ ಓದುತ್ತಾರೆ. ಸುತ್ತಲಿನ ಜೀವಿಗಳ ಮನಸ್ಸನ್ನು ಮುಟ್ಟಿದವನು, ಮಂತ್ರಕ್ಕಾಗಿ ಅವುಗಳ ಶಕ್ತಿಯನ್ನೇ ಎಳೆದಾಗ ಅವು ಸಾಯುವುದನ್ನು ಒಳಗಿನಿಂದ ಅನುಭವಿಸಿದವನು ಹಿಂದಿನಂತೆ ಊಟ ಮಾಡುವುದು ಹೇಗೆ? ನನ್ನ ಮಟ್ಟಿಗೆ ಈ ವಾದ ಗಟ್ಟಿ. ಅದು ಪಾತ್ರದ ಅನುಭವದಿಂದ ಬಂದ ತೀರ್ಮಾನ. ದೇವರ ಕುರಿತ ಮಾತುಕತೆಗೆ ಇಷ್ಟು ಗಟ್ಟಿ ಬೇರಿಲ್ಲ. ಅಲ್ಲಿ ಓರೊಮಿಸ್ ಹೇಳುತ್ತಾನೆ, ಎರಗಾನ್ ಕೇಳಿಸಿಕೊಳ್ಳುತ್ತಾನೆ, ಅಷ್ಟೇ. ಅದರಿಂದ ಹುಡುಗನಿಗೆ ಏನೂ ನಷ್ಟವಾಗುವುದಿಲ್ಲ.

ಇಲ್ಲಿ ನನಗೆ ಅಳತೆಗೋಲು ಮೊದಲ ಸಲ ಕಾಣುತ್ತದೆ. 'ನಿಧಾನ' ಎಂದು ದೂರುವವರು ಪುಟಗಳನ್ನು ಎಣಿಸುತ್ತಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ದೊಡ್ಡ ದೊಡ್ಡ ಪುಸ್ತಕಗಳನ್ನು ಒಂದೇ ಉಸಿರಿಗೆ ಓದುವ ಮಕ್ಕಳು ಇವರು. ಪಾಠದಲ್ಲಿ ಎರಗಾನ್ ಏನಾದರೂ ಕಳೆದುಕೊಳ್ಳುವ ಕಡೆ ಯಾರೂ ನಿಧಾನ ಎನ್ನುವುದಿಲ್ಲ. ಬೆನ್ನು ನೋವು ಹೊಡೆದು ಅವನು ನೆಲಕ್ಕೆ ಬಿದ್ದು ಒದ್ದಾಡುವ ಪುಟಗಳು, ವಾನಿರ್ ಎಂಬ ಎಲ್ಫ್ ದಿನವೂ ಕತ್ತಿವರಸೆಯಲ್ಲಿ ಅವನನ್ನು ಸೋಲಿಸಿ ಹೀಯಾಳಿಸುವ ಪುಟಗಳು ಇಬ್ಬರಿಗೂ ಇಷ್ಟ. ಏನೂ ಪಣಕ್ಕಿಲ್ಲದೆ ಸುಮ್ನೆ ವಿವರಣೆ ಬಂದಾಗ ಮಾತ್ರ ಓದು ಕುಂಟುತ್ತದೆ.

ಪಕ್ಕದಲ್ಲಿ ರೋರನ್ ಓಡುತ್ತಿದ್ದಾನೆ

ಕಾಡಿನ ಭಾಗ ಇನ್ನೂ ನಿಧಾನ ಅನಿಸಲು ಪುಸ್ತಕದ ಕಟ್ಟಡವೇ ಕಾರಣ. ಮೊದಲ ಪುಸ್ತಕದಲ್ಲಿ ಕತೆ ಎರಗಾನ್ ಒಬ್ಬನ ಬೆನ್ನ ಹಿಂದೆಯೇ ಹೋಗುತ್ತಿತ್ತು. ಇಲ್ಲಿ ಮೂರು ಎಳೆಗಳಿವೆ. ಒಂದು ಎರಗಾನ್‌ನದು. ಎರಡನೆಯದು ಅವನ ಜೊತೆಯಲ್ಲೇ ಬೆಳೆದ ರೋರನ್‌ನದು. ಮೂರನೆಯದು ರಾಜನ ವಿರುದ್ಧ ಬಂಡೆದ್ದ ವಾರ್ಡನ್ ಪಡೆಯ ಹೊಸ ನಾಯಕಿ ನಸ್ವಾಡಾಳದು.

ರೋರನ್‌ಗೆ ಮಂತ್ರ ಬರುವುದಿಲ್ಲ. ಡ್ರ್ಯಾಗನ್ ಇಲ್ಲ. ಮೊದಲ ಪುಸ್ತಕದಲ್ಲಿ ಅವನು ಬಂದು ಹೋದದ್ದೇ ನೆನಪಿರುವುದಿಲ್ಲ. ಈ ಪುಸ್ತಕದಲ್ಲಿ ಅವನ ಊರು ಕಾರ್ವಹಾಲ್‌ಗೆ ಸೈನಿಕರೂ ರಾ-ಝಾಕ್ ಎಂಬ ನರಭಕ್ಷಕ ಜೀವಿಗಳೂ ಬರುತ್ತಾರೆ. ಎರಗಾನ್‌ನ ನೆಂಟ ಎಂಬ ಒಂದೇ ಕಾರಣಕ್ಕೆ ಅವನನ್ನು ಹಿಡಿಯಬೇಕು. ಊರಿನವರು ಬೇಲಿ ಹಾಕಿ ಎದುರು ನಿಲ್ಲುತ್ತಾರೆ. ಅವನು ಮದುವೆಯಾಗಲಿರುವ ಕತ್ರೀನಾಳ ಅಪ್ಪ, ಕಟುಕ ಸ್ಲೋನ್, ದ್ರೋಹ ಮಾಡುತ್ತಾನೆ. ರಾ-ಝಾಕ್ ಕತ್ರೀನಾಳನ್ನು ಎತ್ತಿಕೊಂಡು ಹೋಗುತ್ತವೆ. ಆಮೇಲೆ ರೋರನ್ ಕೈಯಲ್ಲೊಂದು ಸುತ್ತಿಗೆ ಹಿಡಿದು, ಇಡೀ ಊರನ್ನೇ ಎಬ್ಬಿಸಿ, ಎಲ್ಲರೂ ಹೆದರುವ ಬೆಟ್ಟಸಾಲು ದಾಟಿಸಿ, ಕಡಲತೀರಕ್ಕೆ ತಂದು, ಹಡಗೊಂದನ್ನು ಕದ್ದು, ದೊಡ್ಡ ಸುಳಿಯೊಳಗಿಂದ ಪಾರಾಗಿ ಯುದ್ಧದ ನಡುವೆ ಬಂದಿಳಿಯುತ್ತಾನೆ.

ಈ ಪುಸ್ತಕವನ್ನು ಬೈಯುವವರ ಬಾಯಲ್ಲೂ ರೋರನ್‌ಗೆ ಒಳ್ಳೆಯ ಮಾತು ಬರುತ್ತದೆ. ಅವನೇ ನಿಜವಾದ ನಾಯಕ ಎನ್ನುವವರೂ ಬಹಳ. ಎರಗಾನ್ ಅಧ್ಯಾಯಗಳನ್ನು ಹಾರಿಸಿ ಬರೀ ರೋರನ್ ಅಧ್ಯಾಯಗಳನ್ನು ಓದಿಕೊಂಡು ಹೋಗುವವರೂ ಇದ್ದಾರೆ. ಕಾರಣ ಕೇಳಿದರೆ "ಅಲ್ಲಿ ಜಾಸ್ತಿ ಹೊಡೆದಾಟ ಇದೆ" ಎನ್ನುತ್ತಾರೆ. ಅದು ಪೂರ್ತಿ ಉತ್ತರ ಅಲ್ಲ ಅನಿಸುತ್ತದೆ. ರೋರನ್‌ನ ಪ್ರತಿ ಹೆಜ್ಜೆಗೂ ಯಾರೋ ಬೆಲೆ ತೆರುತ್ತಾರೆ. ಅವನು ಕೊಂದ ಸೈನಿಕರು ಅವನ ಮನಸ್ಸಿನಿಂದ ಹೋಗುವುದಿಲ್ಲ. ಅವನ ಮಾತು ನಂಬಿ ಊರು ಬಿಟ್ಟವರಿಗೆ ಮನೆ, ಹೊಲ ಏನೂ ಉಳಿಯುವುದಿಲ್ಲ. ದಾರಿಯಲ್ಲಿ ಜನ ಸಾಯುತ್ತಾರೆ. ರಾ-ಝಾಕ್ ಕಚ್ಚಿದ ಅವನ ಭುಜ ಬೇಗ ವಾಸಿಯಾಗುವುದಿಲ್ಲ. ಅವನಿಗೆ ಸಿಗುವ ಹೆಸರು, ಧೈರ್ಯ, ಮುಂದಾಳುತನ ಎಲ್ಲವೂ ನಮ್ಮ ಕಣ್ಣೆದುರೇ ಗಳಿಸಿದ್ದು.

ಹೀಗಿರುವಾಗ ಅಧ್ಯಾಯ ಮುಗಿದು ಪುಟ ತಿರುವಿದರೆ ಮತ್ತೆ ಕಾಡು, ಮತ್ತೆ ಪಾಠ. ಊರಿನ ಬಾಗಿಲಲ್ಲಿ ಸೈನಿಕರು ನಿಂತಿರುವಾಗ ವ್ಯಾಕರಣ ಓದಲು ಯಾರಿಗೆ ತಾಳ್ಮೆ ಇರುತ್ತದೆ? ಎಲ್ಲೆಸ್ಮೇರಾದ ಅಧ್ಯಾಯಗಳನ್ನು ಬೇರೆಯಾಗಿ ಓದಿದರೆ ಅಷ್ಟು ನಿಧಾನ ಇಲ್ಲ. ಎರಡು ಎಳೆಗಳನ್ನು ಅಕ್ಕಪಕ್ಕ ಇಟ್ಟದ್ದರಿಂದ ಒಂದು ಇನ್ನೊಂದನ್ನು ಬಡವಾಗಿಸಿತು. ರೋರನ್‌ನಿಂದ ಪುಸ್ತಕಕ್ಕೆ ಎಷ್ಟು ಲಾಭವಾಯಿತೋ ನಾಯಕನಿಗೆ ಅಷ್ಟೇ ನಷ್ಟವಾಯಿತು.

ನಸ್ವಾಡಾಳ ಎಳೆ ಚಿಕ್ಕದು, ಅದರ ಬಗ್ಗೆ ಜಗಳವೂ ಕಡಿಮೆ. ಅಪ್ಪ ಸತ್ತ ಮೇಲೆ ಪಡೆಯ ಹೊಣೆ ಹೊತ್ತವಳು ಅವಳು. ಹಿರಿಯರ ಮಂಡಳಿ ಅವಳನ್ನು ಗೊಂಬೆಯಂತೆ ಆಡಿಸಲು ನೋಡುತ್ತದೆ. ಖಜಾನೆಯಲ್ಲಿ ಹಣವಿಲ್ಲ. ಅವಳು ಮಂತ್ರಗಾರರಿಂದ ಲೇಸ್ ಹೆಣೆಸಿ ಮಾರಿಸುತ್ತಾಳೆ. ಕೈಯಲ್ಲಿ ಹೆಣೆಯಲು ತಿಂಗಳುಗಟ್ಟಲೆ ಹಿಡಿಯುವ ಬಟ್ಟೆ ಮಂತ್ರದಿಂದ ಬೇಗ ಆಗುತ್ತದೆ, ಅಗ್ಗಕ್ಕೆ ಮಾರಬಹುದು, ಪಡೆಗೆ ಊಟ ಸಿಗುತ್ತದೆ. ಇಡೀ ಸರಣಿಯಲ್ಲಿ ನನಗೆ ತುಂಬ ಇಷ್ಟವಾದ ಉಪಾಯ ಇದು. ಮಂತ್ರ ಇರುವ ಲೋಕದಲ್ಲಿ ಬಜಾರು ಹೇಗೆ ನಡೆಯುತ್ತದೆ ಎಂದು ಎಷ್ಟು ಲೇಖಕರು ಯೋಚಿಸುತ್ತಾರೆ, ಹೇಳಿ?

ಹಬ್ಬದ ರಾತ್ರಿ

ಈಗ ಜಗಳದ ನಡುಮನೆಗೆ ಬರೋಣ.

ಎಲ್ಫ್‌ಗಳು ಮತ್ತು ಡ್ರ್ಯಾಗನ್‌ಗಳ ನಡುವಿನ ಹಳೆಯ ಒಪ್ಪಂದದ ನೆನಪಿಗೆ ಎಲ್ಲೆಸ್ಮೇರಾದಲ್ಲಿ ಹಬ್ಬ ನಡೆಯುತ್ತದೆ. ಇಬ್ಬರು ಎಲ್ಫ್ ಹೆಣ್ಣುಮಕ್ಕಳ ಮೈಮೇಲಿನ ಡ್ರ್ಯಾಗನ್ ಹಚ್ಚೆ ಜೀವ ತಳೆದು ಮೇಲೇಳುತ್ತದೆ. ಅದು ಎರಗಾನ್‌ನ ಅಂಗೈ ಮುಟ್ಟುತ್ತದೆ. ಅವನು ಎದ್ದಾಗ ಬೆನ್ನಿನ ಗಾಯ ಮಾಯವಾಗಿದೆ. ಮುಖ ಅರ್ಧ ಎಲ್ಫ್‌ನಂತಾಗಿದೆ. ಎಲ್ಫ್‌ಗಳ ವೇಗ, ಎಲ್ಫ್‌ಗಳ ಬಲ ಬಂದಿದೆ. ಇಷ್ಟು ದಿನ ಸೋಲಿಸುತ್ತಿದ್ದ ವಾನಿರ್‌ನನ್ನು ಈಗ ಅವನು ಸೋಲಿಸುತ್ತಾನೆ.

ಪುಸ್ತಕವನ್ನು ಪ್ರೀತಿಸುವ ಓದುಗರು ಕೂಡ ಇಲ್ಲಿ ತಡವರಿಸುತ್ತಾರೆ. ಗಾಯಗೊಂಡ ಎರಗಾನ್ ಅವರಿಗೆ ಹತ್ತಿರದವನಾಗಿದ್ದ. ಮೈ ಕೈ ಕೊಟ್ಟಾಗಲೂ ಎದ್ದು ನಿಲ್ಲುವವನು, ಅಂಥದೇ ಕಾಯಿಲೆಯ ಗುರುವಿನಿಂದ ಕಲಿಯುವವನು. ಇಬ್ಬರೂ ಮುರಿದ ಮೈಯವರು. ಆ ಜೋಡಿಯಲ್ಲಿ ದೊಡ್ಡ ಕತೆಯೊಂದು ಕಾಯುತ್ತಿತ್ತು. ಒಂದೇ ರಾತ್ರಿಯಲ್ಲಿ ಅದು ಮುಗಿದುಹೋಯಿತು. ಅದಕ್ಕೆ ಅವನು ಏನನ್ನೂ ಕೊಡಬೇಕಾಗಲಿಲ್ಲ. ಕಲ್ಲೆತ್ತಲೂ ಮೈಯ ಕಸುವು ಖರ್ಚಾಗುವ ಲೋಕದಲ್ಲಿ ಇಷ್ಟು ದೊಡ್ಡ ಬದಲಾವಣೆ ಬಿಟ್ಟಿ ಬಂತು. ಮಂತ್ರದ ಲೆಕ್ಕವನ್ನು ಓದುಗರಿಗೆ ಕಲಿಸಿದವನು ಪಾವೊಲಿನಿ. ಅದೇ ಲೆಕ್ಕ ಹಿಡಿದು ಅವರು ಇಲ್ಲಿ ಪ್ರಶ್ನೆ ಕೇಳಿದರು.

ಲೇಖಕನ ಪರವಾಗಿ ಹೇಳಬೇಕಾದ್ದೂ ಇದೆ. ಡ್ರ್ಯಾಗನ್‌ಗಳ ಮಂತ್ರ ಮಿಕ್ಕವರ ಮಂತ್ರದಂತೆ ನಿಯಮಕ್ಕೆ ಸಿಗುವುದಿಲ್ಲ ಎಂದು ಮೊದಲ ಪುಸ್ತಕದಲ್ಲೇ ತೋರಿಸಿದ್ದಾರೆ. ಬ್ರೋಮ್ ಸತ್ತಾಗ ಸಫೀರಾ ಅವನ ಕಲ್ಲಿನ ಸಮಾಧಿಯನ್ನು ವಜ್ರವಾಗಿಸುತ್ತಾಳೆ, ಹೇಗೆ ಎಂದು ಅವಳಿಗೇ ಗೊತ್ತಿಲ್ಲ. ಹಾಗಾಗಿ ಹಬ್ಬದ ರಾತ್ರಿಯದು ನಿಯಮ ಮುರಿದದ್ದಲ್ಲ. ಬೆನ್ನು ಮುರಿದ ಮನುಷ್ಯ ಹುಡುಗ ಗಾಲ್ಬಟೋರಿಕ್ಸ್ ಎದುರು ನಿಲ್ಲುವುದು ಹೇಗೆ ಎಂಬ ಕಷ್ಟವೂ ನಿಜ. ಇನ್ನೂ ಮುಖ್ಯವಾದದ್ದು, ಈ ಹೊಸ ಬಲ ಎರಗಾನ್‌ಗೆ ಗೆಲುವು ತರುವುದಿಲ್ಲ. ಪುಸ್ತಕದ ಕೊನೆಯ ಯುದ್ಧದಲ್ಲಿ ಅವನು ಸೋಲುತ್ತಾನೆ. ಎಲ್ಫ್ ಬಲ ಬಂದ ಮೇಲೂ ಸೋಲುತ್ತಾನೆ. ದೂರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ.

ಆದರೂ ಗಾಯದ ವಿಷಯದಲ್ಲಿ ನಾನು ದೂರುವವರ ಪಕ್ಷ. ನಿಯಮದೊಳಗೇ ಇದೆ ಎಂದಮಾತ್ರಕ್ಕೆ ಓದುಗನ ಮನಸ್ಸು ಒಪ್ಪಬೇಕೆಂದಿಲ್ಲ. ಗಾಯ ವಾಸಿಯಾಗಲಿ, ಆದರೆ ಅದರ ಬದಲು ಇನ್ನೇನೋ ಹೋಗಬೇಕಿತ್ತು.

ಆ ಹಬ್ಬದ ಆಸುಪಾಸಿನಲ್ಲೇ ಎರಗಾನ್ ಆರ್ಯಾಳಿಗೆ ತನ್ನ ಪ್ರೀತಿ ಹೇಳಿಕೊಳ್ಳುತ್ತಾನೆ. ಅವಳು ನೂರು ವರ್ಷ ದಾಟಿದ ಎಲ್ಫ್, ರಾಣಿಯ ಮಗಳು. ಅವನಿಗೆ ಹದಿನಾರು. ಅವಳು ಖಡಾಖಂಡಿತವಾಗಿ ಬೇಡ ಎನ್ನುತ್ತಾಳೆ. ಈ ಹುಡುಗನ ಹಂಬಲ ಪುಟ ಪುಟಕ್ಕೂ ಬಂದು ಕಾಡುತ್ತದೆ ಎನ್ನುವ ಓದುಗರು ಕೂಡ ಅವಳ ಉತ್ತರವನ್ನು ಮೆಚ್ಚುತ್ತಾರೆ. ಎಳೆಯರ ಫ್ಯಾಂಟಸಿಯಲ್ಲಿ ನಾಯಕ ಬಯಸಿದವಳು ಕೊನೆಗೆ ಸಿಕ್ಕೇ ಸಿಗುತ್ತಾಳೆ ಎಂದುಕೊಂಡು ಓದುವವರಿಗೆ ಇದು ಅನಿರೀಕ್ಷಿತ. ಎರಗಾನ್‌ನ ಕಾಡಿನ ಬದುಕಿನಲ್ಲಿ ಅವನಿಗೆ ನಿಜವಾಗಿ ನಷ್ಟವಾದ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ಇದೂ ನನ್ನ ಅಳತೆಗೋಲಿಗೆ ಸರಿಹೊಂದುತ್ತದೆ. ಸಫೀರಾ ಗ್ಲೇಡರ್‌ನನ್ನು ಬಯಸಿ ತಿರಸ್ಕಾರಕ್ಕೆ ಒಳಗಾಗುವ ಭಾಗ ಮಾತ್ರ ಯಾಕೆ ಬೇಕಿತ್ತೋ. ಎರಗಾನ್‌ನ ಕತೆಯನ್ನೇ ಇನ್ನೊಮ್ಮೆ ಹೇಳಿದಂತಿದೆ.

ಎಲ್ವಾ

ಎರಡೂ ಕಡೆಯವರು ತಕರಾರಿಲ್ಲದೆ ಒಪ್ಪುವ ಪಾತ್ರ ಇವಳು.

ಮೊದಲ ಪುಸ್ತಕದಲ್ಲಿ ಎರಗಾನ್ ಒಂದು ಕೂಸಿಗೆ ಪುರಾತನ ಭಾಷೆಯಲ್ಲಿ ಆಶೀರ್ವಾದ ಮಾಡಿದ್ದ. ಕಷ್ಟಗಳಿಂದ ನಿನಗೆ ರಕ್ಷಣೆ ಸಿಗಲಿ ಎನ್ನುವುದು ಅವನ ಮನಸ್ಸಿನಲ್ಲಿದ್ದದ್ದು. ಆ ಪುಟವನ್ನು ಓದಿದವರು ಮುಂದೆ ಹೋಗಿಬಿಟ್ಟಿದ್ದರು. ಎರಡನೇ ಪುಸ್ತಕದಲ್ಲಿ ಓರೊಮಿಸ್ ಎದುರು ಆ ಮಾತನ್ನು ಮತ್ತೆ ಹೇಳಿದಾಗ ಗೊತ್ತಾಗುತ್ತದೆ, ಪದದ ರೂಪ ತಪ್ಪಿದೆ. ಅವನು ಹೇಳಿದ್ದು ನೀನೇ ರಕ್ಷಣೆಯಾಗು ಎಂದು. ಆ ಕೂಸು ಈಗ ಸುತ್ತಲಿನ ಎಲ್ಲರ ನೋವನ್ನೂ ತನ್ನ ಮೈಯಲ್ಲಿ ಅನುಭವಿಸುತ್ತದೆ. ಅದನ್ನು ತಡೆಯಲೇಬೇಕೆಂಬ ಒತ್ತಡದಿಂದ ಬಿಡುಗಡೆ ಇಲ್ಲ. ತಿಂಗಳುಗಳ ಕೂಸಾಗಿರಬೇಕಾದವಳು ಮೂರು ನಾಲ್ಕು ವರ್ಷದವಳಂತೆ ಬೆಳೆದು, ದೊಡ್ಡವರ ದನಿಯಲ್ಲಿ ಮಾತಾಡುತ್ತಾ ಎರಗಾನ್‌ನ ಎದುರು ಬಂದು ನಿಲ್ಲುತ್ತಾಳೆ.

ಈ ಭೇಟಿ ಕೆಲವೇ ಪುಟಗಳದ್ದು. ಆದರೆ ಬೇಸರದ ಪಾಠ ಎಂದು ಬೈಸಿಕೊಂಡ ವ್ಯಾಕರಣಕ್ಕೆ ಇಲ್ಲಿ ಒಮ್ಮೆಲೇ ಜೀವ ಬರುತ್ತದೆ. ಓರೊಮಿಸ್ ಪ್ರತಿ ಅಕ್ಷರವನ್ನೂ ಯಾಕೆ ತಿದ್ದುತ್ತಿದ್ದ ಎಂಬುದು ಅರ್ಥವಾಗುತ್ತದೆ. ನಾಯಕನ ಒಳ್ಳೆಯ ಮನಸ್ಸೂ ಅವನನ್ನು ಉಳಿಸುವುದಿಲ್ಲ. ಬೆಲೆ ತೆತ್ತದ್ದು ಅವನೂ ಅಲ್ಲ, ಏನೂ ತಿಳಿಯದ ಮಗು. ಈ ಪುಸ್ತಕದಲ್ಲಿ ಪಾವೊಲಿನಿ ಇದಕ್ಕಿಂತ ಚೆನ್ನಾಗಿ ಏನನ್ನೂ ಬರೆದಿಲ್ಲ ಎಂದು ನನ್ನ ನಂಬಿಕೆ. ಕಾಡಿನ ಅಷ್ಟೂ ಪಾಠಗಳನ್ನು ಈ ರೀತಿ ಯಾವುದಾದರೂ ನಷ್ಟಕ್ಕೆ ಕಟ್ಟಿಹಾಕಿದ್ದರೆ ನಿಧಾನ ಎಂಬ ದೂರೇ ಹುಟ್ಟುತ್ತಿರಲಿಲ್ಲ.

ಕೆಂಪು ಡ್ರ್ಯಾಗನ್

'ಎಲ್ಡೆಸ್ಟ್'ನ ಮುಖಪುಟದಲ್ಲಿ ಕೆಂಪು ಡ್ರ್ಯಾಗನ್ ಇದೆ. ಜಾನ್ ಜೂಡ್ ಪಾಲೆನ್ಕಾರ್ ಬಿಡಿಸಿದ ಚಿತ್ರ. ಸಫೀರಾ ನೀಲಿ, ಗ್ಲೇಡರ್ ಬಂಗಾರ. ಹಾಗಾದರೆ ಇದು ಯಾರು? ಓದು ಶುರುವಾಗುವ ಮೊದಲೇ ಪ್ರಶ್ನೆ ಕೈಯಲ್ಲಿರುತ್ತದೆ. ನೂರಾರು ಪುಟ ಕಳೆದರೂ ಉತ್ತರ ಸಿಗುವುದಿಲ್ಲ. ಕೆಲವರಿಗೆ ಇದು ಗುಟ್ಟು ಬಿಟ್ಟುಕೊಟ್ಟಂತೆ ಅನಿಸಿತು. ನನಗೆ ಅದು ಒಳ್ಳೆಯ ಕೊಕ್ಕೆ.

ಕೊನೆಯ ಯುದ್ಧದಲ್ಲಿ ಕೆಂಪು ಡ್ರ್ಯಾಗನ್ ಥಾರ್ನ್ ಮೇಲೆ ಸವಾರನೊಬ್ಬ ಬರುತ್ತಾನೆ. ಕುಬ್ಜರ ರಾಜ ಹ್ರೋಥ್‌ಗಾರ್‌ನನ್ನು ಕೊಲ್ಲುತ್ತಾನೆ. ಎರಗಾನ್ ಅವನ ಮುಖದ ಕವಚ ತೆಗೆದಾಗ ಕಾಣುವುದು ಮುರ್ತಾಗ್, ಮೊದಲ ಪುಸ್ತಕದ ಗೆಳೆಯ. ಪುಸ್ತಕದ ಆರಂಭದಲ್ಲೇ ಸತ್ತ ಎಂದುಕೊಂಡವನು. ಗಾಲ್ಬಟೋರಿಕ್ಸ್ ಅವನ ನಿಜನಾಮವನ್ನು, ಅಂದರೆ ತಿಳಿದವರಿಗೆ ಅವನ ಮೇಲೆ ಹಿಡಿತ ಕೊಡುವ ಪುರಾತನ ಭಾಷೆಯ ಹೆಸರನ್ನು, ತಿಳಿದುಕೊಂಡು, ಪುರಾತನ ಭಾಷೆಯಲ್ಲಿ ಬಲವಂತವಾಗಿ ಆಣೆ ಮಾಡಿಸಿದ್ದಾನೆ. ಮುರ್ತಾಗ್ ಎರಗಾನ್‌ನನ್ನು ಸೋಲಿಸುತ್ತಾನೆ, ನಾವಿಬ್ಬರೂ ಹಳೆಯ ಸವಾರರಿಗೆ ದ್ರೋಹ ಬಗೆದು ರಾಜನ ಕಡೆ ಸೇರಿದ ಮೋರ್ಝಾನ್‌ನ ಮಕ್ಕಳು ಎನ್ನುತ್ತಾನೆ, ಅಪ್ಪನ ಕತ್ತಿ ಕಿತ್ತುಕೊಳ್ಳುತ್ತಾನೆ. ಕೊನೆಗೆ ಆಣೆಯಲ್ಲಿ ಒಂದು ಸಂದು ಹುಡುಕಿ ತಮ್ಮನನ್ನು ಬಿಟ್ಟು ಹೋಗುತ್ತಾನೆ.

ಇದಕ್ಕೆ ಬಂದ ದೊಡ್ಡ ದೂರು ಎಲ್ಲರಿಗೂ ಗೊತ್ತು. ಹಳ್ಳಿ ಹುಡುಗ, ಸಾಯುವ ಮುದುಕ ಗುರು, ಕಾಡಿನಲ್ಲಿ ಅವಿತಿರುವ ಎರಡನೇ ಗುರು, ಸೋಲಿನ ನಡುವೆ ಹೊರಬೀಳುವ ರಕ್ತಸಂಬಂಧದ ಗುಟ್ಟು. 1980ರಲ್ಲಿ ಬಂದ ಎರಡನೇ ಸ್ಟಾರ್ ವಾರ್ಸ್ ಚಿತ್ರದ ಹಾದಿಯೇ ಇದು ಎಂದು ಓದುಗರು ಬೆರಳು ತೋರಿಸಿದರು. ಹೋಲಿಕೆ ಇರುವುದು ನಿಜ, ಇಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ಆದರೆ ಹೋಲಿಕೆಯಲ್ಲಿ ಸಿಕ್ಕಿಬಿದ್ದವರು ಮುರ್ತಾಗ್‌ನನ್ನು ಸರಿಯಾಗಿ ನೋಡಲಿಲ್ಲ ಎಂಬ ಸಂಕಟ ನನಗಿದೆ. ಸುಳ್ಳು ಹೇಳಲಾಗದ ಭಾಷೆ, ಮುರಿಯಲಾಗದ ಮಾತು. ಮೊದಲ ಪುಸ್ತಕದಲ್ಲಿ ಇವು ನಂಬಿಕೆಯ ಆಧಾರದಂತೆ ಕಾಣುತ್ತಿದ್ದವು. ಇಲ್ಲಿ ಅದೇ ನಿಯಮ ಒಬ್ಬ ಒಳ್ಳೆಯ ಹುಡುಗನ ಕೊರಳಿಗೆ ಬಿದ್ದ ಸರಪಳಿ. ಇದನ್ನು ಪಾವೊಲಿನಿ ಯಾವ ಚಿತ್ರದಿಂದಲೂ ತಂದಿಲ್ಲ. ತನ್ನ ಲೋಕದ ಲೆಕ್ಕದಿಂದಲೇ ತೆಗೆದರು.

ಕಾದು ಓದಿದವರು, ಒಟ್ಟಿಗೆ ಓದಿದವರು

ಓದುಗರ ಅಭಿಪ್ರಾಯ ಬೇರೆಯಾಗಲು ಇನ್ನೊಂದು ಕಾರಣ ಇದೆ. ಅದು ಪುಸ್ತಕದ ಹೊರಗಿನದು.

2005ರಲ್ಲಿ ಓದಿದವರು ಮೂರನೇ ಪುಸ್ತಕಕ್ಕಾಗಿ ಮೂರು ವರ್ಷ ಕಾದರು. 'ಬ್ರಿಸಿಂಗರ್' ಬಂದದ್ದು 2008ರ ಸೆಪ್ಟೆಂಬರ್ 20ರಂದು. ನಡುವೆ 2006ರ ಡಿಸೆಂಬರ್‌ನಲ್ಲಿ ಮೊದಲ ಪುಸ್ತಕದ ಸಿನಿಮಾ ಬಂದು ಅಭಿಮಾನಿಗಳನ್ನು ನಿರಾಸೆಗೊಳಿಸಿತು. 2007ರ ಅಕ್ಟೋಬರ್‌ನಲ್ಲಿ ಮೂರಲ್ಲ, ನಾಲ್ಕು ಪುಸ್ತಕ ಆಗುತ್ತದೆ ಎಂಬ ಸುದ್ದಿ ಬಂತು. ಈ ಮೂರೂ ವರ್ಷ ಅವರ ತಲೆಯಲ್ಲಿ ಎರಗಾನ್ ಮೋರ್ಝಾನ್‌ನ ಮಗನೇ. ಮುರ್ತಾಗ್‌ಗೆ ಅಷ್ಟು ಬಲ ಎಲ್ಲಿಂದ ಬಂತು ಎಂಬುದಕ್ಕೂ ಉತ್ತರವಿಲ್ಲ. ವಿವರಣೆ ಇಲ್ಲದ ಸೋಲು, ಕೇಳಿದಂತಿರುವ ಗುಟ್ಟು, ನಡುವೆ ಉದ್ದದ ಪಾಠ. ಅವರ ಅಸಮಾಧಾನ ಆ ಪರಿಸ್ಥಿತಿಯಲ್ಲಿ ನ್ಯಾಯವಾದದ್ದೇ.

ಇನ್‌ಹೆರಿಟೆನ್ಸ್ ಸರಣಿ ಎಂದು ಕರೆಯುವ ಈ ನಾಲ್ಕು ಪುಸ್ತಕಗಳು 2011ರ ನವೆಂಬರ್‌ನಲ್ಲಿ ಪೂರ್ತಿಯಾದವು. ಆಮೇಲೆ ಬಂದವರು ಒಂದಾದ ಮೇಲೊಂದು ಓದಿದರು. ಅವರಿಗೆ ಎಲ್ಲೆಸ್ಮೇರಾ ಬೇರೆಯಾಗಿಯೇ ಕಾಣುತ್ತದೆ. ಮೂರನೇ ಪುಸ್ತಕದಲ್ಲಿ ಎರಗಾನ್‌ನ ಅಪ್ಪ ಬ್ರೋಮ್ ಎಂದು ಗೊತ್ತಾಗುತ್ತದೆ. ಮುರ್ತಾಗ್ ಹೇಳಿದ್ದು ಅವನಿಗೆ ತಿಳಿದಷ್ಟು ನಿಜ ಮಾತ್ರ. ಅಂದರೆ ಎಲ್ಲರೂ ಸಿನಿಮಾದ ಹಾದಿ ಎಂದ ತಿರುವನ್ನು ಲೇಖಕ ಅರ್ಧ ಹಿಂದಕ್ಕೆ ತಿರುಗಿಸಿದರು. ಮುರ್ತಾಗ್‌ನ ಬಲದ ಮೂಲವೂ ಅಲ್ಲೇ ಬಯಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಪುಸ್ತಕದ ಕೊನೆಯಲ್ಲಿ ಓರೊಮಿಸ್ ಯುದ್ಧದಲ್ಲಿ ಸಾಯುತ್ತಾನೆ. ಗ್ಲೇಡರ್‌ನ ದೇಹವೂ ಉಳಿಯುವುದಿಲ್ಲ. ಇದನ್ನು ತಿಳಿದು 'ಎಲ್ಡೆಸ್ಟ್'ಗೆ ಮರಳಿದವರಿಗೆ ಮೋಟು ಬುಡದ ಮೇಲಿನ ಕೂರುವಿಕೆ, ಗುರುವಿನ ತಾಳ್ಮೆಯ ಮಾತು, ಸಂಜೆಯ ಪ್ರಶ್ನೆಗಳು ಕಳೆದುಹೋದ ದಿನಗಳಂತೆ ಕಾಣುತ್ತವೆ. ಪಾಠದ ಪುಟಗಳಿಗೆ ಕೊರತೆಯಾಗಿದ್ದ ಬೆಲೆಯನ್ನು ಮುಂದಿನ ಪುಸ್ತಕ ತಡವಾಗಿ ತೆತ್ತಿತು.

ಇದರಿಂದ ಮೊದಲಿನ ದೂರು ಸುಳ್ಳಾಗುತ್ತದೆಯೇ? ಇಲ್ಲ. ಪುಸ್ತಕ ಬಂದ ದಿನ ಕೊಂಡು ಓದಿದವನಿಗೆ ಮುಂದಿನ ಪುಸ್ತಕ ಕೈಯಲ್ಲಿರಲಿಲ್ಲ. ಹಬ್ಬದ ರಾತ್ರಿಯ ವರ ಸರಣಿ ಮುಗಿದ ಮೇಲೂ ಬಿಟ್ಟಿಯಾಗಿಯೇ ಉಳಿಯಿತು, ಅದನ್ನು ಮತ್ತೆ ಮತ್ತೆ ಓದಿದವರೂ ಒಪ್ಪುತ್ತಾರೆ. ಆದರೆ ಮುರ್ತಾಗ್ ವಿಷಯದಲ್ಲಿ ಓದುಗರ ಮನಸ್ಸು ನಿಜಕ್ಕೂ ತಿರುಗಿತು. ಅವನು ಆಣೆಯಿಂದ ಬಿಡುಗಡೆಯಾಗುವುದು ನಾಲ್ಕನೇ ಪುಸ್ತಕದಲ್ಲಿ. ನಸ್ವಾಡಾಳ ಮೇಲಿನ ಪ್ರೀತಿ ಅವನನ್ನು ಬದಲಾಯಿಸುತ್ತದೆ, ಅದರಿಂದ ಅವನ ನಿಜನಾಮವೇ ಬದಲಾಗುತ್ತದೆ, ಹಳೆಯ ಹೆಸರಿಗೆ ಕಟ್ಟಿದ ಆಣೆ ಕಳಚಿಕೊಳ್ಳುತ್ತದೆ. 2023ರ ನವೆಂಬರ್‌ನಲ್ಲಿ ಪಾವೊಲಿನಿ ಅವನ ಮತ್ತು ಥಾರ್ನ್‌ನ ಮುಂದಿನ ಬದುಕಿನ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದರು, ಅದಕ್ಕೆ ಅವನ ಹೆಸರನ್ನೇ ಇಟ್ಟರು. ಯುದ್ಧ ಮುಗಿದಿದೆ, ಆದರೂ ಊರುಗಳಲ್ಲಿ ಅವರಿಬ್ಬರಿಗೆ ಜಾಗವಿಲ್ಲ. ಬಲವಂತದಿಂದ ಮಾಡಿದ ಕೊಲೆಗಳನ್ನು ಜನ ಮರೆತಿಲ್ಲ, ಅವನೂ ಮರೆತಿಲ್ಲ.